ಗೆರೆ ಎಳೆಯಲು ಬಂದವನ ಮುಂದೆ ಒಂದು ಗಾಡಿ ಮಣ್ಣು

ಬೇತಮಂಗಲದ ಕೆರೆ ಏರಿ ಹತ್ತಿ ಪೂರ್ವಕ್ಕೆ ನೋಡಿ. ಗಡಿ ಅಂತ ಏನಾದರೂ ಕಾಣುತ್ತದಾ? ಪಾಲಾರ್ ಹೊಳೆಯ ಜಾಡು, ಹೊಲ, ಕಲ್ಲುಗುಡ್ಡ, ಅಷ್ಟೇ. ಹೊಳೆ ಹಾಗೇ ಆಂಧ್ರಕ್ಕೆ ಜಾರುತ್ತದೆ, ಅಲ್ಲಿಂದ ತಮಿಳುನಾಡಿಗೆ. ಕನ್ನಡದಲ್ಲಿ ಬೆಲೆ ಕೇಳಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಜಗಳ ಮುಗಿಸುವ ಸೀಮೆ ಇದು. ಈ ಕಲಸುಮೇಲೋಗರದಲ್ಲಿ ಮೈಸೂರು ಎಲ್ಲಿಗೆ ಮುಗಿಯುತ್ತದೆ ಎಂದು ಅಳೆಯಲು 1802ರಲ್ಲಿ ಒಬ್ಬ ಬಂದ. ಬಂದದ್ದು ಗೆರೆ ಎಳೆಯುವುದಕ್ಕೆ. ಎದುರಾದದ್ದು ಚಿನ್ನ!

ಹೆಸರು ಜಾನ್ ವಾರನ್. ಹುಟ್ಟಿದ್ದು ಫ್ರೆಂಚ್ ಮನೆತನದಲ್ಲಿ, ನೌಕರಿ ಇಂಗ್ಲಿಷರ 33ನೇ ರೆಜಿಮೆಂಟಿನಲ್ಲಿ! ಅದೇ ರೆಜಿಮೆಂಟಿನಲ್ಲಿ ಆರ್ಥರ್ ವೆಲ್ಲೆಸ್ಲಿ, ಅದರಲ್ಲೇ ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್. 1799ರ ಮೇ 4ರಂದು ಟಿಪ್ಪು ಬಿದ್ದಮೇಲೆ ಅವನ ರಾಜ್ಯ ಹಂಚಿಹೋಯಿತು. ಕಂಪನಿಗೆ ಯಾವ ಊರು, ಒಡೆಯರಿಗೆ ಯಾವ ಊರು ಎಂಬುದು ಕಾಗದದ ಮೇಲೆ ಇತ್ತು, ನೆಲದ ಮೇಲೆ ಇರಲಿಲ್ಲ. ಅದನ್ನು ನೆಲಕ್ಕೆ ಇಳಿಸಲು ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆ ಶುರುವಾಯಿತು. ಪೂರ್ವದ ಅಂಚು ವಾರನ್ ಪಾಲಿಗೆ ಬಂತು.

ಗುಡ್ಡ, ಹಳ್ಳ, ಬಾಂದುಕಲ್ಲು ನೋಡುತ್ತಾ ಹೊರಟವನ ಕಿವಿಗೆ ಒಂದು ಗಾಳಿಮಾತು ಬಿತ್ತು: ಈ ಗುಡ್ಡಗಳ ಮಣ್ಣಿನಲ್ಲಿ ಚಿನ್ನವಿದೆಯಂತೆ. ಬೇರೆಯವನಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದ. ವಾರನ್ ಇನಾಮು ಸಾರಿದ. ಊರಿಗಾಂನ ಜನ ಒಂದು ಎತ್ತಿನ ಗಾಡಿ ತುಂಬ ಮಣ್ಣು ಹೇರಿಕೊಂಡು ಬಂದು ಅವನ ಎದುರಿಗೇ ತೊಳೆಯಲು ಕೂತರು. ಮಣ್ಣು ನೀರಿನ ಜೊತೆ ಹರಿದುಹೋಗುತ್ತದೆ, ತೂಕದ್ದು ತಳಕ್ಕೆ ಕೂರುತ್ತದೆ. ಕೆಸರು ತಿಳಿಯಾಗುತ್ತಾ, ತಿಳಿಯಾಗುತ್ತಾ, ತಳದಲ್ಲಿ ಹಳದಿ ಪುಡಿ! ಅವನು ಕೊಟ್ಟ ಲೆಕ್ಕ ಕೇಳಿ: 120 ಪೌಂಡ್ ಮಣ್ಣಿಗೆ ಒಂದು ಗ್ರೇನ್ ಚಿನ್ನ. ಒಂದು ಸಿಮೆಂಟ್ ಮೂಟೆಗಿಂತ ಭಾರದ ಮಣ್ಣು ತೊಳೆದರೆ ಎರಡು ಮೂರು ಭತ್ತದ ಕಾಳಿನಷ್ಟು ತೂಕ. ಆ ತೂಕಕ್ಕೇ ಎಷ್ಟು ತಲೆಮಾರು ಬಗ್ಗಿ ಕೂತಿತ್ತೋ.

ಅಲ್ಲಿಗೂ ನಿಲ್ಲಲಿಲ್ಲ. ಮಾರಿಕುಪ್ಪಂನಲ್ಲಿ ಗುಂಡಿಗಳೇ ಇದ್ದವು, 30 ಅಡಿ ಆಳದವು! ಒಳಗಿನಿಂದ ಕಲ್ಲಿನ ಬುಟ್ಟಿ ಕೈಯಿಂದ ಕೈಗೆ ದಾಟುತ್ತಾ ಮೇಲೆ ಬರುತ್ತಿತ್ತು. ಮೇಲೆ ಹೆಂಗಸರು ಬಂಡೆಯ ಮೇಲೆ ಅದನ್ನು ಕುಟ್ಟಿ ಪುಡಿ ಮಾಡುತ್ತಿದ್ದರು. ಹಾಗಾದರೆ ಕೋಲಾರದ ಚಿನ್ನ ಕಂಡುಹಿಡಿದವನು ವಾರನ್ ಅಂತ ಬರೆಯುವುದು ಎಷ್ಟು ಸರಿ? ಅವನು ಕಂಡದ್ದು ಚಿನ್ನವನ್ನಲ್ಲ, ಚಿನ್ನ ಗೊತ್ತಿದ್ದವರನ್ನು. ವರದಿಗೆ ಅವನ ರುಜು ಇದೆ, ಗಾಡಿ ತಂದವರ ಹೆಸರಿಲ್ಲ.

ಗಡಿ ಅಳೆಯುವವರ ಹಣೆಬರಹವೇ ಹೀಗೋ ಏನೋ! ಪರ್ಷಿಯಾ, ತುರ್ಕಿ ನಡುವಿನ ಗಡಿ ನೋಡಿ. 1639ರಲ್ಲೇ ಒಪ್ಪಂದ, 1847ರಲ್ಲಿ ಎರ್ಜುರುಮ್‌ನಲ್ಲಿ ಮತ್ತೊಂದು. ಆಮೇಲೆ ಬ್ರಿಟಿಷರು, ರಷ್ಯನ್ನರು ಕೂಡಿ ಅಳೆದರು, ಅವರವರ ನಕ್ಷೆ ಅವರವರದು, ಒಂದಕ್ಕೊಂದು ಹೊಂದದು! ಎರಡನ್ನೂ ತಾಳೆ ಮಾಡಿ ಒಂದೇ ನಕ್ಷೆ ತರುವಷ್ಟರಲ್ಲಿ 1869. ಅದರಲ್ಲೂ ಗೆರೆ ಇಲ್ಲ, ಮೈಲುಗಟ್ಟಲೆ ಅಗಲದ ಒಂದು ಪಟ್ಟಿ. ಗಡಿ ಇದರೊಳಗೆ ಎಲ್ಲೋ ಇದೆ ಅಂತ! ಕೊನೆಗೆ 1914ರಲ್ಲಿ ಕೊಲ್ಲಿಯ ತುದಿಯಿಂದ ಅರಾರಾತ್ ಬೆಟ್ಟದವರೆಗೆ ಕಲ್ಲು ನೆಡುತ್ತಾ ಹೋದ ತಂಡದಲ್ಲಿ ಮೋಜಣಿಯ ಹೊಣೆ ಹೊತ್ತವರು ಕರ್ನಲ್ ರೈಡರ್, ನಮ್ಮ ಸರ್ವೆ ಆಫ್ ಇಂಡಿಯಾದವರು! ನಮ್ಮ ಮೆಕೆಂಜಿ 1815ರಲ್ಲಿ ಮೊದಲಿಗನಾಗಿ ಕೂತ ಸರ್ವೇಯರ್ ಜನರಲ್ ಕುರ್ಚಿಯಲ್ಲಿ ಮುಂದೆ ಇದೇ ರೈಡರ್ ಕೂತರು.

ಆ ಗಡಿಯಲ್ಲಿ ಸಿಕ್ಕಿದ್ದು ಎಣ್ಣೆ. ಗೆರೆಯ ಆಚೆ ತುರ್ಕಿಗೆ ಬಿಟ್ಟುಕೊಟ್ಟ ತುಂಡಿನಲ್ಲೂ ಎಣ್ಣೆ ತೆಗೆಯುವ ಹಕ್ಕು ವಿಲಿಯಂ ಡಾರ್ಸಿ ಎಂಬವನು ಪರ್ಷಿಯಾದಲ್ಲಿ ಪಡೆದಿದ್ದ ಗುತ್ತಿಗೆಗೇ ಉಳಿಯಿತು. ಡಾರ್ಸಿಗೆ ಎಣ್ಣೆ ಹುಡುಕಲು ದುಡ್ಡು ಎಲ್ಲಿಂದ ಬಂತು ಗೊತ್ತೇ? ಆಸ್ಟ್ರೇಲಿಯಾದ ಮೌಂಟ್ ಮಾರ್ಗನ್ ಚಿನ್ನದ ಗಣಿಯಿಂದ!

ಇತ್ತ ವಾರನ್ ವರದಿ ದಶಕಗಟ್ಟಲೆ ಮಲಗಿತು. 1871ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಅದನ್ನು ಓದಿ ಬೆನ್ನು ಹತ್ತಿದ, 1875ರಲ್ಲಿ ಪರವಾನಗಿ ಪಡೆದ. ಮುಂದಿನದು ಎಲ್ಲರಿಗೂ ಗೊತ್ತು: 30 ಅಡಿಯ ಗುಂಡಿ ಮೂರು ಕಿಲೋಮೀಟರ್ ದಾಟಿತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ವಾರನ್ ಮಾತ್ರ ಚಿನ್ನದ ಕಡೆ ತಿರುಗಿಯೂ ನೋಡದೆ ಮದರಾಸಿನ ಖಗೋಳ ವೀಕ್ಷಣಾಲಯಕ್ಕೆ ಹೋದ. 1825ರಲ್ಲಿ ಅವನಿಂದ ಬಂದ ಪುಸ್ತಕ ನಮ್ಮ ಪಂಚಾಂಗದ ಲೆಕ್ಕಾಚಾರದ ಮೇಲೆ, ಹೆಸರು 'ಕಾಲ ಸಂಕಲಿತ'!

ಮತ್ತೆ ಕೆರೆ ಏರಿಗೆ ಬನ್ನಿ. ಬೇತಮಂಗಲ ಒಂದು ಕಾಲಕ್ಕೆ ವಿಜಯಾದಿತ್ಯಮಂಗಲವಾಗಿತ್ತು. ಗಣಿಗಿಂತ, ಗಡಿಗಿಂತ ಹಳೆಯ ಹೆಸರು. ಗಾಡಿ ಮಣ್ಣು ತೊಳೆಯಲು ಒಂದಿಷ್ಟು ನೀರು ಸಾಕಿತ್ತು, ಗಣಿಯ ಊರಿಗೆ ಸಾಲಲಿಲ್ಲ. ಇಲ್ಲಿಂದಲೇ ಕೊಳವೆ ಹಾಕಿದರು. ಪಾಲಾರ್ ನೀರು, ಗಡಿ ದಾಟುವ ಮೊದಲೇ, ದಿಬ್ಬ ಹತ್ತಿ ಕೆಜಿಎಫ್ ಮನೆಗಳ ನಲ್ಲಿಗೆ ಹೋಯಿತು.