ಬದು ಹಾಕುವ ಮುನ್ನ ಮನದ ನಕ್ಷೆ

ಒಂದೇ ಇಳಿಜಾರಿನ ಎಂಟು ಹತ್ತು ಹಿಡುವಳಿದಾರರು ಸೇರಿ ಬದು ಹಾಕಲು ಒಪ್ಪಿದರೂ ಕೆಲಸ ನಡುವೆಯೇ ನಿಲ್ಲುವುದುಂಟು. ಹಣದ ಕೊರತೆ, ಮನಸ್ತಾಪ ಎಂದು ಕಾರಣ ಹೇಳುವುದು ವಾಡಿಕೆ. ಆದರೆ ಅನೇಕ ವೇಳೆ ತೊಡಕು ಇರುವುದು ಬೇರೆಡೆ. ಮೇಲಿನ ಹೊಲದವರಿಗೆ ಬದು ಎಂದರೆ ಮಣ್ಣು ತಡೆಯುವ ಗೋಡೆ. ಕೆಳಗಿನವರಿಗೆ ತಮ್ಮ ಬಾವಿಯ ನೀರಿಗೆ ಅಡ್ಡಿ. ತಾಂತ್ರಿಕ ಸಿಬ್ಬಂದಿಗೆ ಹೆಚ್ಚಾದ ನೀರನ್ನು ಸುರಕ್ಷಿತವಾಗಿ ಹಳ್ಳಕ್ಕೆ ಸಾಗಿಸುವ ವ್ಯವಸ್ಥೆ. ಮನುಷ್ಯನು ಹೊರಜಗತ್ತಿನ ಚಿಕ್ಕ ಮಾದರಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಅದರಿಂದಲೇ ಮುಂದಿನದನ್ನು ಊಹಿಸುತ್ತಾನೆಂದು ಬ್ರಿಟನ್ನಿನ ಮನೋವಿಜ್ಞಾನಿ ಕೆನೆತ್ ಕ್ರೇಕ್ 1943ರಲ್ಲಿ ವಿವರಿಸಿದ್ದರು. ಮಾದರಿಗಳು ಬೇರೆಯಾದರೆ ಒಂದೇ ಮಾತಿಗೆ ಎಲ್ಲರೂ ತಲೆಯಾಡಿಸಿದರೂ ಒಪ್ಪಿದ್ದು ಬೇರೆ ಬೇರೆ ಕೆಲಸಕ್ಕೆ.

ಆದ್ದರಿಂದ ಮೊದಲು ಎಲ್ಲರೂ ಕೂಡಿ ದಿಣ್ಣೆಯಿಂದ ಹಳ್ಳದವರೆಗೆ ನಡೆದು ನೋಡಬೇಕು. ಅನಂತರ ಬಯಲಿನಲ್ಲಿ ರಂಗೋಲಿ ಪುಡಿ, ಕಲ್ಲು, ಸೊಪ್ಪುಗಳಿಂದ ನೆಲದ ಮೇಲೆ ನಕ್ಷೆ ಬರೆಯಬೇಕು. ಮೈರಾಡ ಸಂಸ್ಥೆಯು 1990ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಈ ಪದ್ಧತಿಯನ್ನು ಬಳಸಿದೆ. ಪುಡಿಯ ಬಟ್ಟಲು ರೈತರ ಕೈಯಲ್ಲೇ ಇರಲಿ. ಅಧಿಕಾರಿ ಗೆರೆ ಎಳೆಯತೊಡಗಿದರೆ ಉಳಿದವರು ಸುಮ್ಮನಾಗುತ್ತಾರೆ. ಮಳೆನೀರು ಹರಿಯುವ ಜಾಡನ್ನು ಕೆಳಗಿನ ಹೊಲದವರೇ ಮೊದಲು ತೋರಿಸುವುದು ಲೇಸು. ಹುಲ್ಲಿಗೆ ಹೋಗುವ ಹೆಣ್ಣುಮಕ್ಕಳಿಗೂ ಕುರಿ ಕಾಯುವವರಿಗೂ ತಿಳಿದಿರುವ ಕೊರಕಲುಗಳು ಹೊಲದ ಒಡೆಯರಿಗೆ ತಿಳಿಯದಿರುವುದೂ ಉಂಟು.

ನಕ್ಷೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಬೇಕು: "ಬರುವ ಮಳೆಗಾಲದಲ್ಲಿ ಬದು ಒಡೆದುಹೋಯಿತು ಎಂದಿಟ್ಟುಕೊಳ್ಳಿ. ಎಲ್ಲಿ ಒಡೆಯಿತು, ಏಕೆ?" ಸಂಕೋಚದಿಂದ ಸುಮ್ಮನಿದ್ದವರೂ ಆಗ ಬಾಯಿಬಿಡುತ್ತಾರೆ. ಹಳೆಯ ನೀರುದಾರಿಗೆ ಅಡ್ಡಲಾಗಿ ಬದು ಬಂದಿರಬಹುದು. ಕೋಡಿಯ ನೀರು ಪಕ್ಕದವರ ಬಿತ್ತಿದ ಹೊಲಕ್ಕೆ ನುಗ್ಗುವಂತಿರಬಹುದು. ಆಳವಾದ ಎರೆ ಭೂಮಿಯಲ್ಲಂತೂ ಇದು ಅತಿ ಮುಖ್ಯ. ಅಲ್ಲಿ ನೀರು ಬೇಗ ಇಂಗದು. ಸಮಪಾತಳಿ ಬದುವಿನ ಹಿಂದೆ ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರುಕುಬಿಟ್ಟ ಬದುವಿಗೆ ನೀರು ನುಗ್ಗಿದರೆ ಬದುವೇ ಒಡೆಯುತ್ತದೆ. ಅಲ್ಪ ಇಳುಕಲು ಕೊಟ್ಟ ಬದು, ಹುಲ್ಲು ಬೆಳೆಸಿದ ನೀರುಗಾಲುವೆ ಅಲ್ಲಿ ಸೂಕ್ತ.

ದಿನಗಳನ್ನು ಬಿತ್ತನೆಯಿಂದ ಹಿಂದಕ್ಕೆ ಎಣಿಸಬೇಕು. ಮುಂಗಾರಿಗೆ ಮುಂಚಿನ ಮಳೆ ಬೀಳುವಷ್ಟರಲ್ಲಿ ಮಣ್ಣಿನ ಕೆಲಸವೂ ಕೋಡಿಯ ಕಲ್ಲುಕಟ್ಟಡವೂ ಮುಗಿದಿರಬೇಕು. ಕೆಲಸ ದಿಣ್ಣೆಯಿಂದ ಕೆಳಕ್ಕೆ ಸಾಗಲಿ. ನೆಲದ ನಕ್ಷೆಯನ್ನು ಕಾಗದಕ್ಕಿಳಿಸಿ ಸಂಘದ ಪುಸ್ತಕದಲ್ಲಿಡಬೇಕು. ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಅದನ್ನು ಹಿಡಿದು ಹೊಲ ಸುತ್ತಿ, ನೀರು ಹರಿದ ದಾರಿಯನ್ನು ಬೇರೆ ಬಣ್ಣದಲ್ಲಿ ಗುರುತಿಸತಕ್ಕದ್ದು.