ಸಾವಿರ ಮೈಲಿಯ ಹಾದಿ

ಮೋಟಾರು ಗಾಡಿ ಹುಟ್ಟಿದ ಹೊಸತರಲ್ಲಿ ಜನಕ್ಕೆ ಅದರ ವೇಗದ ವಿಷಯದಲ್ಲಿ ಅಷ್ಟಾಗಿ ಕುತೂಹಲವಿರಲಿಲ್ಲ. ಹೊರಟ ಗಾಡಿ ಊರು ಮುಟ್ಟೀತೇ ಇಲ್ಲವೇ ಎಂಬುದೇ ಅವರ ಸಂದೇಹವಾಗಿತ್ತು. ಈ ಸಂದೇಹವನ್ನು ಬಗೆಹರಿಸುವುದಕ್ಕೆಂದೇ ಪ್ಯಾರಿಸಿನ ‘ಲ ಪೆತಿ ಜುರ್ನಾಲ್’ ಪತ್ರಿಕೆಯು 1894ರ ಜುಲೈ ತಿಂಗಳಿನಲ್ಲಿ ಪ್ಯಾರಿಸಿನಿಂದ ರೂಆನ್ ನಗರದವರೆಗೆ ಕುದುರೆಯಿಲ್ಲದ ಗಾಡಿಗಳ ಪರೀಕ್ಷೆಯೊಂದನ್ನು ಏರ್ಪಡಿಸಿತು. ಎಲ್ಲರಿಗಿಂತ ಮುಂಚೆ ಬಂದು ತಲುಪಿದುದು ಕೌಂಟ್ ದ ದಿಯೋನನ ಉಗಿಗಾಡಿ. ಆದರೆ ಅದರ ಒಲೆಯನ್ನು ನೋಡಿಕೊಳ್ಳಲು ಬೇರೊಬ್ಬ ಆಳು ಬೇಕಾಗುತ್ತಿದ್ದುದರಿಂದ ಮೊದಲ ಬಹುಮಾನವನ್ನು ಪೆಟ್ರೋಲಿನಿಂದ ಓಡುವ ಪಾನಾರ್ ಮತ್ತು ಪ್ಯೂಜೊ ಗಾಡಿಗಳಿಗೆ ಹಂಚಿಕೊಟ್ಟರು.

ಪರೀಕ್ಷೆಯು ಪಂದ್ಯವಾಗಿ ಮಾರ್ಪಡಲು ಒಂದೇ ವರ್ಷ ಸಾಕಾಯಿತು. 1895ರಲ್ಲಿ ಪ್ಯಾರಿಸಿನಿಂದ ಬೋರ್ಡೋ ನಗರಕ್ಕೆ ಹೋಗಿ ಹಿಂದಿರುಗುವ 1178 ಕಿಲೋಮೀಟರುಗಳ ಓಟದಲ್ಲಿ ಎಮಿಲ್ ಲೆವಾಸ್ಸೋರ್ ಎಂಬ ಎಂಜಿನಿಯರನು ತಾನೇ ಕಟ್ಟಿದ ಗಾಡಿಯನ್ನು 48 ಗಂಟೆ 48 ನಿಮಿಷಗಳ ಕಾಲ ನಡೆಸಿದನು. ರುಫೆಕ್ ಎಂಬ ಊರಿನಲ್ಲಿ ಅವನ ಕೈಯಿಂದ ಗಾಡಿಯನ್ನು ವಹಿಸಿಕೊಳ್ಳಬೇಕಾಗಿದ್ದ ಚಾಲಕನು, ಇವನು ಇಷ್ಟು ಬೇಗ ಬಂದಾನೆಂದು ಎಣಿಸದೆ, ಇನ್ನೂ ನಿದ್ದೆಯಲ್ಲಿದ್ದನು. ಲೆವಾಸ್ಸೋರ್ ಅವನನ್ನು ಕಾಯದೆ ಮುಂದಕ್ಕೆ ಸಾಗಿಬಿಟ್ಟನು. ಸರಾಸರಿ ವೇಗ ಗಂಟೆಗೆ ಸುಮಾರು 24 ಕಿಲೋಮೀಟರು. ಎರಡನೆಯವನಿಗಿಂತ ಸುಮಾರು ಆರು ಗಂಟೆಗಳಷ್ಟು ಮುಂಚೆ ಅವನು ಪ್ಯಾರಿಸನ್ನು ಸೇರಿದನು. ಗಾಡಿಯಲ್ಲಿ ನಾಲ್ಕು ಆಸನಗಳಿರಬೇಕೆಂಬ ನಿಯಮವಿದ್ದುದರಿಂದ, ಎರಡೇ ಆಸನಗಳ ಅವನ ಗಾಡಿಗೆ ಮೊದಲ ಬಹುಮಾನ ದಕ್ಕಲಿಲ್ಲ. ಆದರೂ ಆ ಓಟವನ್ನು ಇಂದು ನೆನೆಯುವವರೆಲ್ಲರೂ ನೆನೆಯುವುದು ಲೆವಾಸ್ಸೋರನನ್ನೇ. ಮೋಟಾರು ಓಟದ ಮೇಲೆ ಮನುಷ್ಯನಿಗಿರುವ ಮೋಹದ ಬೀಜವು ರುಫೆಕ್‌ನ ಆ ರಾತ್ರಿಯಲ್ಲಿಯೇ ಇದೆಯೆಂದು ನನಗೆ ತೋರುತ್ತದೆ: ನಿಲ್ಲಬಹುದಾಗಿದ್ದ ಒಬ್ಬನು ನಿಲ್ಲಲೊಲ್ಲದೆ ಹೋದನು.

ಆದರೆ ನಿಲ್ಲಲೊಲ್ಲದ ಆ ಛಲಕ್ಕೆ ಬೆಲೆ ತೆರುವವನು ಛಲ ತೊಟ್ಟವನೊಬ್ಬನೇ ಆಗಿರುವುದಿಲ್ಲ. 1903ರ ಮೇ ತಿಂಗಳಿನಲ್ಲಿ ಪ್ಯಾರಿಸಿನಿಂದ ಮ್ಯಾಡ್ರಿಡ್ಡಿಗೆ ಹೊರಟ ಓಟದಲ್ಲಿ, ಡಾಮರು ಕಾಣದ ರಸ್ತೆಯ ಧೂಳು ಮೋಡಗಟ್ಟಿ ಮುಂದಿನ ಗಾಡಿ ಹಿಂದಿನವನಿಗೆ ಕಾಣದಂತಾಗಿ, ನೋಡಲು ಬಂದ ಜನಸ್ತೋಮವು ಬರುತ್ತಿರುವ ಯಂತ್ರದ ವೇಗವನ್ನು ಅಳೆಯಲಾರದೆ ಹಾದಿಯ ನಡುವಿನವರೆಗೂ ನುಗ್ಗಿ, ಅಪಘಾತಗಳ ಮೇಲೆ ಅಪಘಾತಗಳಾಗಿ, ಚಾಲಕರೂ ಪ್ರೇಕ್ಷಕರೂ ಮೃತಪಟ್ಟರು. ರೆನೋ ಕಾರುಗಳನ್ನು ಕಟ್ಟಿದ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಕೂಡ ಅಲ್ಲಿಯೇ ಗಾಯಗೊಂಡು ತೀರಿಕೊಂಡನು. ಫ್ರೆಂಚ್ ಸರ್ಕಾರವು ಓಟವನ್ನು ಬೋರ್ಡೋ ನಗರದಲ್ಲಿಯೇ ತಡೆದು ನಿಲ್ಲಿಸಿತು. ಎಲ್ಲಕ್ಕಿಂತ ವೇಗದ ಗಾಡಿ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ಸರಾಸರಿಯಲ್ಲಿ ಅಲ್ಲಿಗೆ ಬಂದಿತ್ತು; ಅಂಥ ಗಾಡಿಗಳನ್ನು ಕುದುರೆಗಳಿಂದ ಎಳೆಸಿ ರೈಲು ನಿಲ್ದಾಣಕ್ಕೆ ಸಾಗಿಸಿದರು.

ಇದಾದ ಮೇಲೆ ಓಟಗಳು ಬೇಲಿಯೊಳಗೆ ಬಂದುವು. ಇಂಗ್ಲೆಂಡಿನಲ್ಲಿ 1907ರಲ್ಲಿ ಬ್ರೂಕ್‌ಲ್ಯಾಂಡ್ಸ್, ಅಮೆರಿಕದಲ್ಲಿ 1909ರಲ್ಲಿ ಇಂಡಿಯಾನಾಪೊಲಿಸ್, ಇಟಲಿಯಲ್ಲಿ 1922ರಲ್ಲಿ ಮೊಂಜಾ. ಇವೆಲ್ಲವೂ ಓಟಕ್ಕೆಂದೇ ಕಟ್ಟಿದ ಹಾದಿಗಳು. ಆದರೆ ಇಟಲಿಯ ಜನ ಮಾತ್ರ ಊರಿನ ರಸ್ತೆಯ ಮೇಲಣ ಓಟವನ್ನು ಬಿಡಲೊಪ್ಪಲಿಲ್ಲ. ಬ್ರೆಶಾ ನಗರದ ಬಳಿ 1921ರಲ್ಲಿ ನಡೆದಿದ್ದ ಇಟಲಿಯ ಗ್ರಾಂಡ್ ಪ್ರೀ ಮರುವರ್ಷವೇ ಮೊಂಜಾದ ಪಾಲಾದಾಗ, ಆ ಊರಿನ ಅಭಿಮಾನಕ್ಕೆ ತಗುಲಿದ ಪೆಟ್ಟನ್ನು ಮರೆಯಲಾರದ ಕೆಲವರು ಗೆಳೆಯರು ಕೂಡಿ 1927ರಲ್ಲಿ ಹೊಸದೊಂದು ಓಟವನ್ನು ಕಲ್ಪಿಸಿದರು: ಬ್ರೆಶಾದಿಂದ ರೋಮಿಗೆ ಹೋಗಿ ಮರಳಿ ಬ್ರೆಶಾಕ್ಕೆ ಬರುವ ಸುಮಾರು 1600 ಕಿಲೋಮೀಟರುಗಳ ಹಾದಿ, ಇಂಗ್ಲಿಷ್ ಅಳತೆಯಲ್ಲಿ ಸುಮಾರು ಸಾವಿರ ಮೈಲಿ. ಅದೇ ಮಿಲ್ಲೆ ಮಿಲಿಯಾ. ಮೊದಲ ವರ್ಷ ಗೆದ್ದುದು ಬ್ರೆಶಾದಲ್ಲಿಯೇ ತಯಾರಾದ ಓಎಂ ಕಾರು. ಹಿಡಿದ ಕಾಲ 21 ಗಂಟೆಗಳಿಗೆ ತುಸು ಹೆಚ್ಚು.

ಮೋಟಾರು ಓಟಗಳಲ್ಲಿ ಇಷ್ಟು ಜನಸಾಮಾನ್ಯರದಾದುದು ಮತ್ತೊಂದಿರಲಿಲ್ಲವೆಂದೇ ಹೇಳಬೇಕು. ಚಿಕ್ಕ ಕಾರುಗಳು ರಾತ್ರಿಯಲ್ಲಿ, ದೊಡ್ಡವು ಬೆಳಗಿನ ಜಾವದಿಂದ, ಒಂದರ ಹಿಂದೊಂದರಂತೆ ಮರದ ಇಳಿಜಾರಿನಿಂದ ಬೀದಿಗೆ ಇಳಿಯುತ್ತಿದ್ದುವು. ಯುದ್ಧಾನಂತರದ ವರ್ಷಗಳಲ್ಲಿ ಕಾರು ಹೊರಟ ಗಂಟೆ ನಿಮಿಷಗಳೇ ಅದರ ಮೈಮೇಲೆ ಬರೆದ ಸಂಖ್ಯೆಯಾಗಿದ್ದುದರಿಂದ, ಯಾವ ಹಳ್ಳಿಯ ಹುಡುಗನಾದರೂ ಗಡಿಯಾರವನ್ನೊಮ್ಮೆ ನೋಡಿ ಯಾರು ಮುಂದೆ, ಯಾರು ಹಿಂದೆ ಎಂದು ಲೆಕ್ಕ ಹಾಕಬಹುದಾಗಿತ್ತು. ಟಿಕೀಟಿಲ್ಲ, ಮೆಟ್ಟಿಲುಗಟ್ಟಿದ ಆಸನಗಳಿಲ್ಲ. ಓಟವೇ ಮನೆಯ ಬಾಗಿಲಿಗೆ ಬರುತ್ತಿತ್ತು. ದಿನವೂ ಹಾಲಿನವನೂ ಪಾದ್ರಿಯೂ ನಡೆದಾಡುವ ಬೀದಿಯಲ್ಲಿ ಅಂದು ಹೆಸರಾಂತ ಚಾಲಕ ನುವೊಲಾರಿ ಹಾದುಹೋಗುತ್ತಿದ್ದನು.

ತಾತ್ಸಿಯೊ ನುವೊಲಾರಿಯ ಹೆಸರು ಬಂದಮೇಲೆ 1948ರ ಓಟವನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು. ಆಗ ಅವನಿಗೆ ಐವತ್ತೈದು ವರ್ಷ. ಇಬ್ಬರು ಮಕ್ಕಳನ್ನೂ ಎಳೆಯ ಪ್ರಾಯದಲ್ಲಿಯೇ ರೋಗಕ್ಕೆ ಒಪ್ಪಿಸಿದ್ದನು. ಅವನ ಶ್ವಾಸಕೋಶಗಳೂ ಕೆಟ್ಟಿದ್ದುವು. ಅಂಥವನು ಫೆರಾರಿ ಕಾರೊಂದನ್ನೇರಿ ಎಲ್ಲರಿಗಿಂತ ಮುಂದಾದನು. ದಾರಿಯಲ್ಲಿ ಮಡ್ಗಾರ್ಡು ಕಿತ್ತುಹೋಯಿತು, ಎಂಜಿನಿನ ಮೇಲಣ ಬಾನೆಟ್ಟು ಹಾರಿಹೋಯಿತು, ಕುಳಿತ ಆಸನ ಸಡಿಲವಾಯಿತು. ಆದರೂ ಅವನು ನಿಲ್ಲಲಿಲ್ಲ. ರೆಜ್ಜೊ ಎಮಿಲಿಯಾದ ಬಳಿ, ಬ್ರೆಶಾ ಇನ್ನು ಬಹಳ ದೂರವಿಲ್ಲವೆನ್ನುವಾಗ, ಸ್ಪ್ರಿಂಗಿನ ಆಧಾರವೇ ಮುರಿದು ಕಾರು ನಿಂತಿತು. ಆ ವರ್ಷ ಗೆದ್ದವನು ಬಿಯೊಂದೆತ್ತಿ. ಈ ಓಟವನ್ನು ನಾಲ್ಕು ಸಲ ಗೆದ್ದವನು ಅವನೊಬ್ಬನೇ. ಆದರೆ ಇಟಲಿಯ ಜನ ಕಥೆಯಾಗಿ ಹೇಳಿಕೊಂಡು ಬಂದುದು ಸೋತವನನ್ನು.

ಕಲೆಯ ದೃಷ್ಟಿಯಿಂದ ಮಿಲ್ಲೆ ಮಿಲಿಯಾ ತನ್ನ ಶಿಖರವನ್ನು ಮುಟ್ಟಿದುದು 1955ರ ಮೇ ಒಂದರಂದು. ಮರ್ಸಿಡಿಸ್ ಕಂಪೆನಿಯ 300 ಎಸ್‌ಎಲ್‌ಆರ್ ಕಾರಿನಲ್ಲಿ ಇಂಗ್ಲೆಂಡಿನ ಇಪ್ಪತ್ತೈದು ವರ್ಷದ ಸ್ಟರ್ಲಿಂಗ್ ಮಾಸ್. ಅವನ ಪಕ್ಕದಲ್ಲಿ ಗಡ್ಡದ ಕುಳ್ಳನೆಯ ಪತ್ರಿಕೋದ್ಯೋಗಿ ಡೆನಿಸ್ ಜೆಂಕಿನ್‌ಸನ್. ಈತನು ಹಿಂದೆ ಸೈಡ್‌ಕಾರ್ ಮೋಟಾರ್‌ಸೈಕಲ್ ಓಟದಲ್ಲಿ ಜಗತ್ತಿನ ಚಾಂಪಿಯನ್ ಜೋಡಿಯಲ್ಲಿ ಒಬ್ಬನಾಗಿದ್ದುದರಿಂದ, ಮತ್ತೊಬ್ಬನು ನಡೆಸುವ ವಾಹನಕ್ಕೆ ಪ್ರಾಣವನ್ನು ಒಪ್ಪಿಸಿ ಕೂರುವುದು ಅವನಿಗೆ ಹೊಸತಲ್ಲ. ಇಟಲಿಯ ಚಾಲಕರಿಗೆ ತಮ್ಮ ನಾಡಿನ ರಸ್ತೆಗಳು ಬಾಲ್ಯದಿಂದ ಪರಿಚಿತ. ಸಾವಿರ ಮೈಲಿಯ ತಿರುವುಗಳನ್ನು ಪರದೇಶದವನೊಬ್ಬನು ನೆನಪಿನಲ್ಲಿಡುವುದು ಅಸಾಧ್ಯ. ಆದುದರಿಂದ ಇವರಿಬ್ಬರೂ ಮುಂಚಿತವಾಗಿಯೇ ಆ ಹಾದಿಯಲ್ಲಿ ಮತ್ತೆ ಮತ್ತೆ ಸಂಚರಿಸಿ, ಯಾವ ತಿರುವು ಅಪಾಯದ್ದು, ಯಾವ ದಿಬ್ಬದಾಚೆ ರಸ್ತೆ ನೇರವಾಗಿದೆ, ಎಲ್ಲಿ ರೈಲು ಹಳಿ ಅಡ್ಡ ಬರುತ್ತದೆ, ಎಲ್ಲಿ ನೆಲ ಜಾರುತ್ತದೆ ಎಂಬುದೆಲ್ಲವನ್ನೂ ಗುರುತು ಹಾಕಿಕೊಂಡರು. ಜೆಂಕಿನ್‌ಸನ್ ಅದನ್ನು ಐದು ಮೀಟರಿಗೂ ಉದ್ದವಾದ ಕಾಗದದ ಪಟ್ಟಿಯ ಮೇಲೆ ಬರೆದು, ಜಾತಕದ ಸುರುಳಿಯಂತೆ ಸುತ್ತಿ, ಕಿಟಕಿಯಿದ್ದ ಲೋಹದ ಪೆಟ್ಟಿಗೆಯಲ್ಲಿಟ್ಟನು. ಮುಚ್ಚಿಗೆಯಿಲ್ಲದ ಆ ಕಾರಿನ ಗದ್ದಲದಲ್ಲಿ ಮಾತು ಕೇಳಿಸದು. ಆದುದರಿಂದ ಓದಿದುದನ್ನು ಕೈಸನ್ನೆಗಳಿಂದಲೇ ತಿಳಿಸಬೇಕಾಗಿತ್ತು.

ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟ ಕಾರಿನ ಮೇಲೆ 722 ಎಂದು ಬರೆದಿತ್ತು. ಪಾದುವಾ ನಗರದಲ್ಲಿ ಒಂದು ತಿರುವಿಗೆ ಅತಿವೇಗದಿಂದ ಬಂದ ಮಾಸ್ ಹುಲ್ಲಿನ ಪಿಂಡಿಗಳಿಗೆ ಬಡಿಸಿಕೊಂಡನು. ಹಿಂದಿದ್ದ ಫೆರಾರಿಯ ಕಾಸ್ತೆಲ್ಲೊತ್ತಿ ನುಗ್ಗಿ ಮುಂದಾದನು. ಮಾಸ್ ಅವನನ್ನು ಬೆನ್ನಟ್ಟಿ ಹಿಡಿಯಲು ಹವಣಿಸಲಿಲ್ಲ; ಆ ಮನುಷ್ಯನು ಟೈರುಗಳನ್ನು ತೇಯುತ್ತಿದ್ದ ರೀತಿಯನ್ನು ಹಿಂದಿನಿಂದ ನೋಡಿ ಕಾದನು. ರವೆನ್ನಾ ತಲುಪುವಷ್ಟರಲ್ಲಿ ಕಾಸ್ತೆಲ್ಲೊತ್ತಿ ರಸ್ತೆಯ ಬದಿಯಲ್ಲಿ ನಿಂತು ಟೈರು ಬದಲಾಯಿಸಿಕೊಳ್ಳುತ್ತಿದ್ದನು. ಒಂದು ಕಡೆ ಜೆಂಕಿನ್‌ಸನ್ ಕಾರಿನಾಚೆಗೆ ಬಗ್ಗಿ ವಾಂತಿ ಮಾಡಿಕೊಳ್ಳುವಾಗ ಗಾಳಿ ಅವನ ಕನ್ನಡಕವನ್ನು ಕಿತ್ತುಕೊಂಡು ಹೋಯಿತು. ಇನ್ನೊಂದು ಜೊತೆ ಕನ್ನಡಕವನ್ನು ಮುಂಜಾಗ್ರತೆಯಿಂದ ತಂದಿದ್ದುದು ಅವರಿಬ್ಬರ ಪುಣ್ಯ. ದಿಬ್ಬದಾಚೆ ಏನಿದೆಯೆಂಬುದು ಮಾಸನಿಗೆ ಕಾಣದು. ಪಕ್ಕದವನ ಕೈ ‘ನೇರ’ ಎಂದು ಸೂಚಿಸಿದರೆ ಅವನು ಗಂಟೆಗೆ 270 ಕಿಲೋಮೀಟರಿನ ವೇಗದಲ್ಲಿ ಕಾಲನ್ನು ಹಿಂದೆಗೆಯದೆ ದಿಬ್ಬವನ್ನೇರುತ್ತಿದ್ದನು, ಕಾರು ನೆಲ ಬಿಟ್ಟು ಹಾರಿ ಮತ್ತೆ ನೆಲಕ್ಕಿಳಿಯುತ್ತಿತ್ತು. ಕಾಣದ ರಸ್ತೆಯನ್ನು ಮತ್ತೊಬ್ಬನ ಬರಹದ ಮೇಲಣ ವಿಶ್ವಾಸದಿಂದ ಕಾಣುವ ಈ ಸಾಹಸಕ್ಕಿಂತ ಅದ್ಭುತವಾದುದು ಮೋಟಾರು ಓಟದ ಚರಿತ್ರೆಯಲ್ಲಿ ಇನ್ನೊಂದಿಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ. ರೋಮಿನಲ್ಲಿ ಮುಂದಿದ್ದವನು ಬ್ರೆಶಾದಲ್ಲಿ ಗೆಲ್ಲುವುದಿಲ್ಲವೆಂಬ ಹಳೆಯ ನಂಬಿಕೆಯನ್ನು ಸುಳ್ಳುಮಾಡಿ, ಫುತಾ ಮತ್ತು ರಾತಿಕೋಸಾ ಘಟ್ಟಗಳನ್ನು ದಾಟಿ, 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಅವರು ಹಿಂದಿರುಗಿದರು. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರಿಗೂ ಹೆಚ್ಚು. ಒಂಟಿಯಾಗಿ ಓಡಿಸಿದ ಮಹಾಚಾಲಕ ಫ್ಯಾಂಜಿಯೊ ಅರ್ಧ ಗಂಟೆಗೂ ಮಿಕ್ಕು ಹಿಂದೆ ಎರಡನೆಯವನಾದನು.

ಹೊರಗಿನಿಂದ ನೋಡುವವನಿಗೆ ಚಾಲಕನ ಕೌಶಲವು ಕೇವಲ ಧೈರ್ಯವಾಗಿ ಕಾಣುತ್ತದೆ. ಅದು ಹಾಗಲ್ಲ. ಕಾರಿಗೂ ನೆಲಕ್ಕೂ ಇರುವ ಸಂಬಂಧವೆಲ್ಲ ನಾಲ್ಕು ಟೈರುಗಳ ಕೆಳಗಿನ ನಾಲ್ಕು ಅಂಗೈಯಗಲದ ಜಾಗಗಳಷ್ಟೇ. ನಿಲ್ಲಿಸಲು, ತಿರುಗಿಸಲು, ಮುನ್ನುಗ್ಗಲು ಬೇಕಾದ ಹಿಡಿತವೆಲ್ಲವೂ ಅಲ್ಲಿಂದಲೇ ಒದಗಬೇಕು. ಒಂದಕ್ಕೆ ಪೂರ್ತಿ ವ್ಯಯವಾದರೆ ಇನ್ನೊಂದಕ್ಕೆ ಉಳಿಯದು. ಆದುದರಿಂದ ನುರಿತವನು ತಿರುವಿಗೆ ಮುಂಚೆ, ಕಾರು ಇನ್ನೂ ನೇರವಾಗಿರುವಾಗಲೇ, ಬಲವಾಗಿ ಬ್ರೇಕು ಹಾಕುತ್ತಾನೆ. ಬ್ರೇಕಿನಿಂದ ಕಾಲನ್ನು ಸಡಿಲಿಸುತ್ತಾ ಬಂದಷ್ಟೂ ಸ್ಟಿಯರಿಂಗನ್ನು ತಿರುಗಿಸುತ್ತಾನೆ. ರಸ್ತೆಯ ಹೊರ ಅಂಚಿನಿಂದ ಒಳ ಅಂಚಿಗೆ ತಗುಲುವಂತೆ ಬಂದು, ಮತ್ತೆ ಹೊರ ಅಂಚಿಗೆ ಜಾರುವಾಗ ಆಕ್ಸಿಲರೇಟರನ್ನು ತುಳಿಯುತ್ತಾನೆ. ಈ ಮೂರೂ ಒಂದೇ ಉಸಿರಿನಂತೆ ಕೂಡಿಕೊಂಡಾಗ ಕಾರು ಅವಸರಪಡುತ್ತಿರುವಂತೆಯೇ ಕಾಣುವುದಿಲ್ಲ. ನಿಧಾನವಾಗಿ ಹೋದಂತೆ ತೋರಿದವನೇ ಗಡಿಯಾರದಲ್ಲಿ ಮುಂದಿರುತ್ತಾನೆ. ಇಂಥ ಓಟಗಳಲ್ಲಿ ಪಳಗಿದುದರ ಫಲ ನಮ್ಮೆಲ್ಲರ ವಾಹನಗಳಲ್ಲಿಯೂ ಇದೆ. ಹಳೆಯ ಡ್ರಮ್ ಬ್ರೇಕು ಕಾದು ಕಾದು ಹಿಡಿತವನ್ನು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಗಾಳಿಗೆ ತೆರೆದಿದ್ದು ಬೇಗ ತಣಿಯುವ ಡಿಸ್ಕ್ ಬ್ರೇಕುಗಳಿಂದ ಜಾಗ್ವಾರ್ ಕಾರು 1953ರಲ್ಲಿ ಲ ಮಾನ್ಸ್‌ನ 24 ಗಂಟೆಗಳ ಓಟವನ್ನು ಗೆದ್ದಿತು. ಇಂದು ಅಂಗಡಿಯಿಂದ ತರುವ ಸಾಧಾರಣ ಮೋಟಾರ್‌ಸೈಕಲಿನಲ್ಲಿಯೂ ಆ ಬ್ರೇಕು ಇರುವುದುಂಟು.

ಆದರೆ ಮಾಸ್ ಗೆದ್ದ ಆರು ವಾರಗಳೊಳಗಾಗಿ, 1955ರ ಜೂನ್ 11ರಂದು, ಅದೇ ಲ ಮಾನ್ಸ್‌ನಲ್ಲಿ ಅದೇ ಮಾದರಿಯ ಮರ್ಸಿಡಿಸ್ ಕಾರೊಂದು ಪ್ರೇಕ್ಷಕರ ನಡುವೆ ಸಿಡಿದು, ಚಾಲಕ ಲೆವೆಗ್‌ನೊಂದಿಗೆ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಸ್ವಿಟ್ಜರ್‌ಲೆಂಡ್ ಅಂಥ ಓಟಗಳನ್ನೇ ನಿಷೇಧಿಸಿತು. ಎರಡು ವರ್ಷಗಳ ತರುವಾಯ, 1957ರ ಮೇ 12ರಂದು, ಮಿಲ್ಲೆ ಮಿಲಿಯಾದ ಕೊನೆಯ ಹಂತದಲ್ಲಿ, ಗ್ವಿದಿತ್ಸೊಲೊ ಗ್ರಾಮದ ಸಮೀಪದ ನೇರ ರಸ್ತೆಯಲ್ಲಿ ದ ಪೊರ್ತಾಗೊ ಎಂಬ ಸ್ಪೇನಿನ ಶ್ರೀಮಂತ ತರುಣನ ಫೆರಾರಿಯ ಟೈರು ಸಿಡಿಯಿತು. ಅವನೂ ಅವನ ಸಂಗಡಿಗ ನೆಲ್ಸನ್ನನೂ ಸತ್ತರು; ರಸ್ತೆಯ ಬದಿಯಲ್ಲಿ ನೋಡುತ್ತ ನಿಂತಿದ್ದ ಒಂಬತ್ತು ಜನರೂ ಸತ್ತರು, ಅವರಲ್ಲಿ ಐವರು ಮಕ್ಕಳು. ಅಂದು ಗೆದ್ದ ಪಿಯೆರೊ ತರುಫ್ಫಿ, ಹಲವು ವರ್ಷ ಯತ್ನಿಸಿ ಐವತ್ತರ ವಯಸ್ಸಿನಲ್ಲಿ ಜಯವನ್ನು ಪಡೆದವನು, ಹೆಂಡತಿಗೆ ಕೊಟ್ಟಿದ್ದ ಮಾತಿನಂತೆ ಓಟವನ್ನೇ ತ್ಯಜಿಸಿದನು. ವೇಗದ ಸ್ಪರ್ಧೆಯಾಗಿ ಮಿಲ್ಲೆ ಮಿಲಿಯಾ ಮತ್ತೆ ನಡೆಯಲಿಲ್ಲ.

ಅದು ನಿಂತುದು ನ್ಯಾಯವೆಂದೇ ನಾನು ಹೇಳುತ್ತೇನೆ. ದ ಪೊರ್ತಾಗೊ ಅಪಾಯವನ್ನು ತಾನೇ ಬಯಸಿ ವರಿಸಿದವನು. ಗ್ವಿದಿತ್ಸೊಲೊದ ಮಕ್ಕಳು ವರಿಸಿದವರಲ್ಲ. ಈ ಎರಡು ಸಾವುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ‘ಸಾಹಸದ ಬೆಲೆ’ ಎಂದು ತೂಗುವ ಮಾತುಗಳನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಸಾಹಸಿಯ ಪ್ರಾಣವಾದರೂ ಅಗ್ಗವಲ್ಲವೆಂಬುದು ಓಟದವರಿಗೆ ಮನದಟ್ಟಾಗಲು ಇನ್ನಷ್ಟು ಕಾಲ ಹಿಡಿಯಿತು. 1966ರಲ್ಲಿ ಬೆಲ್ಜಿಯಂನ ಸ್ಪಾ ಹಾದಿಯಲ್ಲಿ ಅಪಘಾತಕ್ಕೀಡಾದ ಕಾರಿನೊಳಗೆ, ಮೈಯೆಲ್ಲ ಪೆಟ್ರೋಲಿನಲ್ಲಿ ತೊಯ್ದು, ಸ್ಟಿಯರಿಂಗನ್ನು ಬಿಚ್ಚುವ ಸ್ಪ್ಯಾನರು ದೊರೆಯದೆ ಸಿಕ್ಕಿಬಿದ್ದಿದ್ದ ಜಾಕಿ ಸ್ಟುವರ್ಟ್, ಬದುಕಿ ಬಂದ ಮೇಲೆ ಸುರಕ್ಷತೆಗಾಗಿ ಹಟ ಹಿಡಿದನು. ಅವನನ್ನು ಹೇಡಿಯೆಂದವರೂ ಇದ್ದರು. 2020ರಲ್ಲಿ ಬಹರೈನಿನಲ್ಲಿ ರೊಮೇನ್ ಗ್ರೋಜಾನನ ಕಾರು ತಡೆಗೋಡೆಯನ್ನು ಸೀಳಿ, ಎರಡು ತುಂಡಾಗಿ, ಬೆಂಕಿಯಲ್ಲಿ ಮುಳುಗಿದಾಗ, 2018ರಿಂದ ಕಡ್ಡಾಯವಾಗಿದ್ದ ‘ಹೇಲೋ’ ಎಂಬ ಲೋಹದ ಕಮಾನು ತಲೆಯನ್ನು ಕಾಯ್ದುದರಿಂದ ಅವನು ತಾನೇ ಎದ್ದು ಹೊರಬಂದನು. ಸ್ಟುವರ್ಟನು ಹೂಡಿದ ಹಟದ ಫಲವಿದು.

ಊರಿನಿಂದೂರಿಗೆ ಓಡುವ ಓಟದ ಉತ್ತರಾಧಿಕಾರವನ್ನು ಇಂದು ಪಡೆದಿರುವುದು ರ‍್ಯಾಲಿ. ಜೆಂಕಿನ್‌ಸನ್ನನ ಸುರುಳಿಯ ವಂಶದ್ದೇ ‘ಪೇಸ್ ನೋಟ್ಸ್’. ಪಕ್ಕದಲ್ಲಿ ಕೂತ ನ್ಯಾವಿಗೇಟರು ಅದನ್ನು ಹೆಲ್ಮೆಟಿನೊಳಗಿನ ಮೈಕಿನಲ್ಲಿ ಓದುತ್ತಾ ಹೋಗುತ್ತಾರೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ಹಾದಿಗಳಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಡೆದಾಗ ಸಿಲ್ವರ್ ಓಕ್ ಮರಗಳ ನಡುವೆ ಅನುಸರಿಸಿದುದು ಇದೇ ವಿದ್ಯೆಯನ್ನು. ಆ ಹಾದಿಗಳನ್ನು ಓಟದ ಹೊತ್ತಿಗೆ ಜನಸಂಚಾರಕ್ಕೆ ಮುಚ್ಚುತ್ತಾರೆ. ಆದರೂ 2019ರಲ್ಲಿ ರಾಜಸ್ಥಾನದ ರ‍್ಯಾಲಿಯೊಂದರಲ್ಲಿ ಮುಚ್ಚಿದ ರಸ್ತೆಗೆ ಬಂದ ಬೈಕಿಗೆ ಸ್ಪರ್ಧೆಯ ಕಾರು ಬಡಿದು ಒಂದೇ ಕುಟುಂಬದ ಮೂವರು ತೀರಿಕೊಂಡರು. ಹಗ್ಗ ಕಟ್ಟಿ ಕಾವಲು ನಿಲ್ಲುವ ಮಾರ್ಷಲನ ಕೆಲಸವು ಚಾಲಕನದಕ್ಕಿಂತ ಸಣ್ಣದಲ್ಲ. ರ‍್ಯಾಲಿಯನ್ನು ನೋಡಹೋಗುವವರು ತಿರುವಿನ ಹೊರಮಗ್ಗುಲನ್ನು ಬಿಟ್ಟು, ಮಾರ್ಷಲನು ತೋರಿಸಿದ ಎತ್ತರದ ದಿಬ್ಬದ ಮೇಲೆ ಜಾಗ ಹಿಡಿಯಬೇಕು. ಕಾರು ಕಾಣುವುದಕ್ಕೆ ಮುಂಚೆಯೇ ಅದರ ಸದ್ದು ಬರುತ್ತದೆ. ಎಂಜಿನಿನ ಸ್ವರ ಎಲ್ಲಿ ಇಳಿಯುತ್ತದೆ, ಎಷ್ಟು ಹೊತ್ತು ಇಳಿದಿರುತ್ತದೆ, ಮತ್ತೆ ಎಲ್ಲಿ ಏರುತ್ತದೆ ಎಂಬುದನ್ನು ಒಂದೊಂದು ಕಾರಿಗೂ ಹೋಲಿಸುತ್ತಾ ಕೇಳಿದರೆ, ಫಲಿತಾಂಶದ ಹಲಗೆಯನ್ನು ನೋಡುವ ಮೊದಲೇ ಅಂದು ಯಾರು ಮುಂದಿದ್ದಾರೆಂದು ಹೇಳಬಹುದು.