ಕೆಡವುವ ಮೊದಲು ಒಮ್ಮೆ ಅಳೆಯೋಣ

ಹಳೆಯ ಮನೆಯೊಂದನ್ನು ಕೆಡವುತ್ತಾರೆ ಎಂಬ ಸುದ್ದಿ ಊರಲ್ಲಿ ಹಬ್ಬಿದರೆ ಅಂಗಳಕ್ಕೆ ಮೊದಲು ಬರುವವರು ಯಾರು ಹೇಳಿ ನೋಡೋಣ? ಹಳೆ ಮರ ಕೊಳ್ಳುವ ವ್ಯಾಪಾರಿ. ಅವರು ಕಂಬ ತಟ್ಟಿ ನೋಡುತ್ತಾರೆ, ದಾರಂದ ಅಳೆಯುತ್ತಾರೆ, ಅಟ್ಟ ಹತ್ತಿ ತೊಲೆ ಎಣಿಸುತ್ತಾರೆ. ಹಲಸು ಇಷ್ಟು, ತೇಗ ಇಷ್ಟು ಎಂದು ಲೆಕ್ಕ ಹಾಕಿ ಒಂದು ರೇಟು ಹೇಳುತ್ತಾರೆ. ನಾಲ್ಕು ತಲೆಮಾರು ಬಾಳಿದ ಮನೆಗೆ ಟೇಪು ಹಿಡಿದವರಲ್ಲಿ ಬಹುಶಃ ಅವರೇ ಮೊದಲಿಗರು. ಅವರು ಬಂದಿರುವುದು ಅದನ್ನು ಬಿಚ್ಚಿಕೊಂಡು ಹೋಗಲು!

ನಾನು ಸಂಪಾಜೆಯ ಹುಡುಗ, ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸುಳ್ಯದಿಂದ ಮಡಿಕೇರಿಗೆ ಹೋಗುವವರಿಗೆ ಘಾಟಿ ಹತ್ತುವ ಮುನ್ನ ಸಿಗುವ ಊರು ನಮ್ಮದು. ದಕ್ಷಿಣ ಕನ್ನಡದ ಕಡೆ ಒಂದು ಸಂಪಾಜೆ, ಕೊಡಗಿನ ಕಡೆ ಇನ್ನೊಂದು. ನಿಮ್ಮ ಕಡೆ ನೋಡಲು ಏನುಂಟು ಎಂದು ಕಾಲೇಜಿನ ಗೆಳೆಯರು ಕೇಳಿದರೆ ಪಟ್ಟಿ ಬಾಯಲ್ಲೇ ಇದೆ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನ, ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನ, ಅಲ್ಲಿಯ ಮಾಯ್ ದೆ ದೇವುಸ್ ಚರ್ಚ್, ಶಿವರಾಮ ಕಾರಂತರು ಬಾಳಿದ ಬಾಲವನ, ಬೆಳ್ಳಾರೆಯ ಬಂಗ್ಲೆಗುಡ್ಡೆಯ ಹಳೆಯ ಖಜಾನೆ ಕಟ್ಟಡ. ಇವಕ್ಕೆಲ್ಲ ಹೇಳುವವರು ಕೇಳುವವರು ಇದ್ದಾರೆ. ಆದರೆ ಈ ಸೀಮೆಯ ಕಥೆ ಇವುಗಳ ಒಳಗೆ ಮಾತ್ರ ಇಲ್ಲ.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ, ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ತೆರಿಗೆಯನ್ನು ಹಣದ ರೂಪದಲ್ಲೇ ಕೊಡಬೇಕೆಂದರು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮತ್ತು ಸಂಗಡಿಗರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಮಂಗಳೂರಿನವರೆಗೂ ಹೋಗಿ ಬಾವುಟಗುಡ್ಡೆಯಲ್ಲಿ ಧ್ವಜ ಹಾರಿಸಿದರು. ಖಜಾನೆಯ ಕಟ್ಟಡವನ್ನು ನಾವು ಸ್ಮಾರಕ ಎನ್ನುತ್ತೇವೆ. ಆದರೆ ದಂಗೆಗೆ ಹೊರಟ ರೈತರು ಬಾಳಿದ ಮನೆಗಳಿಗೆ, ಅವುಗಳ ಮುಂದಿನ ತಲೆಮಾರಿನ ಮನೆಗಳಿಗೆ ನಾವು ಇಟ್ಟ ಹೆಸರು 'ಹಳೆ ಮನೆ' ಅಷ್ಟೇ.

ನಮ್ಮ ಐನ್‌ಮನೆಯನ್ನೇ ನೋಡಿ. ಎತ್ತರದ ಮುರಕಲ್ಲಿನ ಪಂಚಾಂಗ, ಅದರ ಮೇಲೆ ಮಣ್ಣಿನ ಗೋಡೆ. ಮುಂದೆ ಜಗಲಿ, ಒಳಗೆ ನಡುಮನೆ, ದೀಪ ತೋರಿಸುವ ಕನ್ನಿಕಂಬ, ಮೇಲೆ ಹಲಗೆಯ ಅಟ್ಟ. ಜಗಲಿಯ ಮೇಲೆ ಮಾಡು ಎಷ್ಟು ಇಳಿದಿದೆಯೆಂದರೆ ಉದ್ದದವರು ತಲೆ ತಗ್ಗಿಸಿಯೇ ಒಳಗೆ ಬರಬೇಕು. ಚಿಕ್ಕವನಿದ್ದಾಗ ಇದು ಹಿರಿಯರಿಗೆ ನಮಸ್ಕಾರ ಮಾಡಿಸುವ ಉಪಾಯ ಎಂದು ಅಜ್ಜಿ ಹೇಳುತ್ತಿದ್ದರು. ಈಗ ಓದಿದ ಮೇಲೆ ಇನ್ನೊಂದು ಕಾರಣವೂ ಕಾಣುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಇರಚಲು ಹೊಡೆದರೆ ಮಣ್ಣಿನ ಗೋಡೆ ಕರಗುತ್ತದೆ. ಹಾಗಾಗಿ ಮಾಡು ಕೆಳಗಿಳಿಯಬೇಕು, ಪಂಚಾಂಗ ಮೇಲೇರಬೇಕು. ಒಲೆಯ ಹೊಗೆ ಅಟ್ಟಕ್ಕೆ ಹೋಗುವುದರಿಂದ ಪಕ್ಕಾಸಿಗೆ ಹುಳ ಹಿಡಿಯುವುದಿಲ್ಲ. ಅಡಿಕೆ ಒಣಗಿಸಲು ಎಷ್ಟು ಜಾಗ ಬೇಕೋ ಅಷ್ಟು ದೊಡ್ಡ ಅಂಗಳ. ಇದನ್ನು ಕಟ್ಟಿದ ಆಚಾರಿಗಳು ಕೋಲಿನ ಲೆಕ್ಕದಲ್ಲಿ ಆಯ ನೋಡಿದವರು. ಡ್ರಾಯಿಂಗ್ ಶೀಟು ಅವರ ತಲೆಯೊಳಗೇ ಇತ್ತು.

ಮಾಡಿಗೆ ಹಾಸಿದ ಹಂಚಿನದೂ ಒಂದು ಕಥೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಳಿಹುಲ್ಲಿನ ಮಾಡುಗಳಿಗೆ ನಿಧಾನವಾಗಿ ಹಂಚು ಬಂತು. ಈ 'ಮಂಗಳೂರು ಹಂಚಿ'ಗೆ ಐಎಸ್ 654 ಎಂಬ ಭಾರತೀಯ ಮಾನಕವೇ ಇದೆ. ಹಂಚಿಗೆ ಮಾನಕ ಇದೆ, ಅದನ್ನು ಹೊತ್ತ ಮನೆಗೆ ಒಂದು ನಕ್ಷೆಯೂ ಇಲ್ಲ.

ಇಂಥ ಮನೆಗಳು ಯಾಕೆ ಬೀಳುತ್ತಿವೆ? ಈಗಿನವರಿಗೆ ಬೆಲೆ ಗೊತ್ತಿಲ್ಲ ಎಂದು ಬೈದುಬಿಡುವುದು ಸುಲಭ. ಕಾರಣಗಳು ಬೇರೆಯೇ ಇವೆ. 1974ರ ಭೂಸುಧಾರಣೆಯ ನಂತರ ಗೇಣಿಯ ಆದಾಯದಲ್ಲಿ ನಡೆಯುತ್ತಿದ್ದ ದೊಡ್ಡ ಮನೆಗಳ ಕಾಲ ಮುಗಿಯಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಅದರ ಬಗ್ಗೆ ತಕರಾರಿಲ್ಲ. ಆಮೇಲೆ ಪಾಲಾಯಿತು; ಒಂದು ಮನೆಗೆ ಹನ್ನೆರಡು ಹಕ್ಕುದಾರರು, ರಿಪೇರಿಗೆ ಒಬ್ಬರೂ ಇಲ್ಲ. ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಅಡಿಕೆಗೆ ಹಳದಿ ಎಲೆ ರೋಗ ಬಂದು ತೋಟಗಳೇ ಬರಿದಾದವು. ತೋಟ ಹೋದ ಮೇಲೆ ಹಂಚು ಕೈಯಾಡಿಸಲು ದುಡ್ಡು ಎಲ್ಲಿಂದ ಬರಬೇಕು? 2022ರ ಜೂನ್-ಜುಲೈಯಲ್ಲಿ ಚೆಂಬು, ಸಂಪಾಜೆ ಸುತ್ತಮುತ್ತ ಮತ್ತೆ ಮತ್ತೆ ಭೂಮಿ ನಡುಗಿದಾಗ ನಮ್ಮ ಮನೆಯ ಪಡುವಣ ಗೋಡೆ ಸೀಳಿತು. ಬಿರುಕಿಗೆ ಮಣ್ಣು ಮೆತ್ತಿದ್ದೇವೆ, ಆದರೆ ಪ್ರತಿ ಮಳೆಗಾಲಕ್ಕೂ ಅದು ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳುತ್ತಿದೆ.

ಮನೆ ಉಳಿಸೋಣ ಎಂದು ನಾನು ವಾದ ಮಾಡಿದಾಗ ದೊಡ್ಡಪ್ಪ ಹೇಳಿದ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. "ನೀನು ಹಾಸ್ಟೆಲಿನಲ್ಲಿರುವವ ಮಾರಾಯ. ಆಟಿ ತಿಂಗಳಲ್ಲಿ ಸೋರುವಲ್ಲಿಗೆ ಪಾತ್ರೆ ಇಡುವುದು ನಾನು." ಅವರಿಗೆ ಎಪ್ಪತ್ತರ ಹತ್ತಿರ. ಹಂಚು ಸರಿ ಮಾಡಲು ಮಾಡು ಹತ್ತುವ ಕೆಲಸದವರು ಸಿಗುವುದಿಲ್ಲ. ದೊಡ್ಡಮ್ಮನಿಗೆ ಎತ್ತರದ ಹೊಸ್ತಿಲು ದಾಟಲು ಕಷ್ಟ, ಬಚ್ಚಲು ಮನೆಯ ಹೊರಗೆ. ಅವರಿಗೆ ಒಂದು ತಾರಸಿ ಮನೆ ಬೇಕು ಎನ್ನುವುದು ದೊಡ್ಡಸ್ತಿಕೆಯಲ್ಲ, ಅಗತ್ಯ.

ಹಾಗಾದರೆ ನಾವು ಮಾಡಬಹುದಾದದ್ದು ಏನೂ ಇಲ್ಲವೇ? ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹರ್ಕೂರಿನ ಮನೆ, ಕುಕನೂರಿನ ಕಮಲ ಮಹಲ್ ಮೊದಲಾದವನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ 'ಹಸ್ತಶಿಲ್ಪ' ಹೆರಿಟೇಜ್ ವಿಲೇಜ್ ಕಟ್ಟಿದರು. ಅಷ್ಟು ದೊಡ್ಡ ಕೆಲಸ ಎಲ್ಲರಿಂದ ಆಗದು. ಆದರೆ ಘಾಟಿಯ ಮೇಲೆ ಬೋವೇರಿಯಂಡ ನಂಜಮ್ಮ-ಚಿಣ್ಣಪ್ಪ ದಂಪತಿ ಮಾಡಿದ ಕೆಲಸ ನೋಡಿ. ಅವರು ಊರೂರು ತಿರುಗಿ ಕೊಡಗಿನ ಐನ್‌ಮನೆಗಳನ್ನು ದಾಖಲಿಸಿ ಪುಸ್ತಕ ಮಾಡಿದರು. ಘಾಟಿಯ ಕೆಳಗಿನ ನಮ್ಮ ಮನೆಗಳಿಗೂ ಅಂಥದ್ದೊಂದು ಲೆಕ್ಕ ಬೇಕು.

ಎಸ್ಟಿಮೇಶನ್ ಪಾಠದಲ್ಲಿ ಕಟ್ಟಡದ ಸವಕಳಿ ತೆಗೆಯುವುದನ್ನು ಕಲಿಸುತ್ತಾರೆ. ಆ ಸೂತ್ರಕ್ಕೆ ನಮ್ಮ ಮನೆಯನ್ನು ಹಾಕಿ ನೋಡಿದೆ. ಆಯುಸ್ಸು ಎಂದೋ ಮುಗಿದಿದೆ, ಉಳಿದದ್ದು ಮರದ ಬೆಲೆ ಮಾತ್ರ. ಅಂದರೆ ನನ್ನ ಪುಸ್ತಕವೂ ಮರದ ವ್ಯಾಪಾರಿಯೂ ಹೇಳುವುದು ಒಂದೇ ಅಂಕೆ! ಅದರಲ್ಲಿ ಮಾಡಿನ ಇಳಿಜಾರು ಇಲ್ಲ, ಅಟ್ಟದ ಹೊಗೆ ಇಲ್ಲ. ಆ ಲೆಕ್ಕವನ್ನು ನಾವೇ ಬರೆದುಕೊಳ್ಳಬೇಕು.

ಹಾಗಾಗಿ ಕಳೆದ ರಜೆಯಲ್ಲಿ ಇಬ್ಬರು ಸಹಪಾಠಿಗಳನ್ನು ಕರೆದುಕೊಂಡು ಹೋಗಿ ಎರಡು ದಿನ ಮನೆ ಅಳೆದೆವು. ಒಂದು ಟೇಪು, ಒಂದು ತೂಗುಗುಂಡು, ಗ್ರಾಫ್ ಹಾಳೆ, ಮೊಬೈಲು. ಗೋಡೆ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು. ಕೋಣೆಯ ನಾಲ್ಕು ಮೂಲೆಗಳಲ್ಲಿ ಒಂದೂ ಸರಿಯಾದ ಲಂಬಕೋನ ಅಲ್ಲ. ತೊಲೆಗಳ ಸೇರುವೆಯಲ್ಲಿ ಕಬ್ಬಿಣದ ಮೊಳೆಯೇ ಇಲ್ಲ, ಎಲ್ಲ ಮರದ ಗೂಟ. ಎರಡನೇ ದಿನ ದೊಡ್ಡಪ್ಪನೇ ಟೇಪಿನ ತುದಿ ಹಿಡಿದು, ಯಾವ ಕೋಣೆಯಲ್ಲಿ ಯಾರು ಹುಟ್ಟಿದ್ದು, ಯಾವ ಬಾಗಿಲು ಆಮೇಲೆ ಒಡೆದದ್ದು ಎಂದು ಹೇಳತೊಡಗಿದರು. ಅದನ್ನೂ ನಕ್ಷೆಯ ಅಂಚಿನಲ್ಲಿ ಬರೆದುಕೊಂಡೆವು.

ನಮ್ಮ ಮನೆ ಉಳಿಯುವುದಿಲ್ಲ. ಮಳೆಗಾಲ ಕಳೆದ ಮೇಲೆ ಕೆಡವುವುದೆಂದು ತೀರ್ಮಾನವಾಗಿದೆ. ಆದರೆ ಹೊಸ ಮನೆಯ ನಕ್ಷೆ ಮಾಡಲು ಕೂತಾಗ ದೊಡ್ಡಪ್ಪ ಕೇಳಿದ್ದು ಹಳೆಯ ನಕ್ಷೆಯನ್ನು. ಜಗಲಿಯ ಉದ್ದ ಅಷ್ಟೇ ಇರಲಿ, ಪಡುವಣಕ್ಕೆ ಮಾಡು ಚೆನ್ನಾಗಿ ಇಳಿಯಲಿ, ಕನ್ನಿಕಂಬ ಇದ್ದ ಮೂಲೆಯಲ್ಲೇ ಇರಲಿ ಎಂದರು. ಅಳೆಯದೇ ಇದ್ದಿದ್ದರೆ ಈ ಮಾತಿಗೆ ಹಾಳೆಯೇ ಇರುತ್ತಿರಲಿಲ್ಲ.

ವಿಟಿಯು ಗೆಳೆಯರೇ, ಆಕ್ಟಿವಿಟಿ ಪಾಯಿಂಟ್ಸ್‌ಗಾಗಿ ಗಿಡ ನೆಟ್ಟು ಫೋಟೊ ತೆಗೆಸಿಕೊಂಡದ್ದು ಸಾಕು. ನಿಮ್ಮ ಅಧ್ಯಾಪಕರನ್ನು ಒಪ್ಪಿಸಿ ಊರಿನ ಒಂದು ಹಳೆಯ ಮನೆಯನ್ನೋ, ಗುತ್ತನ್ನೋ, ಸಣ್ಣ ಚರ್ಚನ್ನೋ ಅಳೆದು ಇಡಿ. ಬೇರೆ ವಿಷಯ ಓದುವವರು ಹಿರಿಯರ ಮಾತು ಬರೆದುಕೊಳ್ಳಿ. ಒಂದು ಪ್ರತಿ ಮನೆಯವರಿಗೆ, ಒಂದು ಕಾಲೇಜು ಲೈಬ್ರರಿಗೆ ಕೊಡಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಮನೆಯ ಹಿರಿಯರನ್ನೇ ಕರೆಯಿರಿ.